ಮೂರು ಬಡಿತ, ಒಂದು ತಡೆ

“ಗುರುಗಳೇ, ನಾನು ಹೇಳುವುದು ನಿಜ. ಹೇಳುವುದು ಅವರ ಒಳ್ಳೆಯದಕ್ಕೆ. ಆದರೂ ಆ ಕೇರಿಯವರು ನನ್ನ ಮಾತಿಗೆ ನಿಲ್ಲುವುದೇ ಇಲ್ಲ. ತಪ್ಪು ನನ್ನ ಮಾತಿನದೋ, ಅವರ ಕಿವಿಯದೋ?”

ಕೇಳಿದವನು ಪರ್ವತಯ್ಯ. ಗುರುಗಳ ಬಳಿ ಒಂಬತ್ತು ವರ್ಷ ಮಾತಿನ ಶಾಸ್ತ್ರ ಓದಿ, ಈಗ ಊರೂರು ತಿರುಗಿ ರೋಗರುಜಿನದ ವಿಷಯ ತಿಳಿಹೇಳುವ ಕೆಲಸದಲ್ಲಿದ್ದ. ಆ ಬೆಳಿಗ್ಗೆ ಒಂದು ಕೇರಿಯಿಂದ ಸೋತು ಬಂದಿದ್ದ. ಮರುದಿನ ಮತ್ತೆ ಅಲ್ಲಿಗೇ ಹೋಗಬೇಕಿತ್ತು. ನಾಡಗೌಡ ಅವನ ಜೊತೆಗೆ ಕೊಟ್ಟಿದ್ದ ಇಬ್ಬರು ತಳವಾರರು ಈಟಿಗಳನ್ನು ಗೋಡೆಗೆ ಒರಗಿಸಿ ಬಾಗಿಲಾಚೆ ಕೂತಿದ್ದರು.

ಗುರುಗಳು ಆ ಇಬ್ಬರಿಗೂ ಮಜ್ಜಿಗೆ ಕೊಡಿಸಿ ಒಳಗೆ ಬಂದರು. “ತೀರ್ಪು ಆಮೇಲೆ. ಮೊದಲು ನಿನ್ನಂಥವನೇ ಒಬ್ಬನ ಕತೆ ಕೇಳು” ಎಂದರು.

ಕಡಲ ಬದಿಯ ಪಟ್ಟಣದಲ್ಲಿ ಒಬ್ಬ ಪಂಡಿತನಿದ್ದ. ಆ ಪಟ್ಟಣದ ಅಂಚಿನಲ್ಲಿ ಒಂದು ಕೇರಿ. ಅಲ್ಲಿಯವರ ಹಿರಿಯರನ್ನು ಯಾವುದೋ ಕಾಲದಲ್ಲಿ ಹಡಗಿನಲ್ಲಿ ತುಂಬಿ ಕಡಲಾಚೆಯಿಂದ ತಂದಿದ್ದರು. ಮೈಬಣ್ಣ ಬೇರೆ, ಕೂದಲು ಬೇರೆ. ಅವರನ್ನು ದೂರವಿಡಲು ಪಟ್ಟಣದವರಿಗೆ ಅಷ್ಟೇ ಸಾಕಾಗಿತ್ತು. ಆ ಜನಕ್ಕೆ ಹೇಳಿದ್ದು ತಲೆಗೆ ಹೋಗುವುದಿಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಪಂಡಿತ ಹಾಗೆನ್ನುತ್ತಿರಲಿಲ್ಲ. ಹೇಳಿದ್ದು ತಲೆಗೆ ಹೋಗದಿದ್ದರೆ ತಪ್ಪು ಹೇಳಿದವನದು ಎಂದು ಸಭೆಯಲ್ಲಿ ವಾದಿಸಿ ಗೆದ್ದವನು ಅವನು. ಆ ಜನರೊಡನೆ ಮಾತಾಡುವುದು ಹೇಗೆ ಎಂಬುದರ ಮೇಲೆ ಹನ್ನೊಂದು ವರ್ಷ ಕೂತು ಗ್ರಂಥ ಬರೆದ. ಅವರ ನುಡಿಯನ್ನು ಬಂದರಿನ ನಾವಿಕರಿಂದ ಕಲಿತ. ಅರಸ ಶಾಲು ಹೊದಿಸಿ ವಿದ್ಯಾಶಾಲೆಯಲ್ಲಿ ಪೀಠ ಕೊಟ್ಟ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಕೇರಿಗೆ ಮಾತ್ರ ಒಂದು ದಿನವೂ ಹೋಗಿರಲಿಲ್ಲ. ಓದುವುದೇ ಅಷ್ಟಿತ್ತು, ಪಾಪ.

ಒಂದು ಬೇಸಿಗೆಯಲ್ಲಿ ಕೆರೆಯ ನೀರು ಕೆಟ್ಟಿತು. ಕುಡಿದವರಿಗೆ ವಾಂತಿಭೇದಿ ಹತ್ತಿಕೊಂಡಿತು. ಕೆರೆಯ ನೀರು ಮುಟ್ಟಬೇಡಿ, ಬಾವಿಯ ನೀರನ್ನೇ ಕುಡಿಯಿರಿ ಎಂದರು ವೈದ್ಯರು. ಅರಸ ಡಂಗುರ ಹೊಡೆಸಿದ. ಉಳಿದ ಬೀದಿಗಳಲ್ಲಿ ರೋಗ ಹಿಂಜರಿಯಿತು. ಕೇರಿಯಲ್ಲಿ ಮಾತ್ರ ಡಂಗುರಕ್ಕೆ ಮೊದಲು ಇಬ್ಬರು ಮಲಗಿದ್ದರೆ, ಡಂಗುರವಾದ ನಾಲ್ಕು ದಿನಕ್ಕೆ ಹದಿನಾಲ್ಕು ಮಂದಿ ಮಲಗಿದರು.

ಪಂಡಿತ ಸಾರಿದ ಮಾತನ್ನು ತರಿಸಿ ನೋಡಿದ. ‘ಅರಸನ ಅಪ್ಪಣೆ’ ಎಂದು ಶುರುವಾಗಿತ್ತು. ಯಾರು ಕೇಳುತ್ತಾರೆ ಇದನ್ನು ಎಂದು ಹೊಡೆದುಹಾಕಿದ. ಕೇರಿಯವರ ನುಡಿಯಲ್ಲೇ, ಮನೆಯ ಹಿರಿಯರು ಹೇಳುವ ಹಾಗೆ ಮೆತ್ತಗೆ ಬರೆದುಕೊಟ್ಟ. ಡಂಗುರದವನು ಬಾಯಿಪಾಠ ಮಾಡಿಕೊಂಡು ಹೋಗಿ ಸಾರಿ ಬಂದ. ಮಲಗಿದವರು ಮೂವತ್ತಾರಾದರು.

ಪಟ್ಟಣದವರು ಮೂಗು ಮುರಿದರು. ನಮ್ಮ ಮೇಲಿನ ಹಟಕ್ಕೇ ಕುಡಿಯುತ್ತಿದ್ದಾರೆ ಎಂದರು. ಮಂತ್ರಿ ಪಂಡಿತನನ್ನು ಕರೆಸಿದ. “ಇನ್ನೊಂದೇ ಸಲ ಸಾರಿಸಿ. ಆಮೇಲೂ ಹೊಸಬರು ಮಲಗಿದರೆ, ಅಮಾವಾಸ್ಯೆಯ ದಿನ ಕೇರಿಗೆ ಬೆಂಕಿ ಇಡಿಸಿ ಜನವನ್ನು ಗಡಿಯಾಚೆ ಅಟ್ಟುತ್ತೇನೆ. ಅವರಿಗಾಗಿ ಊರನ್ನೆಲ್ಲ ಸಾಯಬಿಡಲಾರೆ.” ಅಮಾವಾಸ್ಯೆಗೆ ಆರು ದಿನ ಉಳಿದಿತ್ತು.

ಪಂಡಿತನಿಗೆ ಅನ್ನ ಸೇರಲಿಲ್ಲ. ಕಾಯಿಲೆಯವರನ್ನು ಹೊತ್ತುಕೊಂಡು ಆ ಜನ ಗಡಿ ದಾಟುವುದು ಅವನ ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು. ಒಂದೊಂದು ಪದವನ್ನೂ ಹತ್ತು ಸಲ ನಾಲಿಗೆಯ ಮೇಲಿಟ್ಟು ನೋಡಿ, ಮೂರನೆಯ ಡಂಗುರಕ್ಕೆ ಹೊಸದಾಗಿ ಬರೆದ. ಅವನು ಬರೆದದ್ದರಲ್ಲೆಲ್ಲ ಅದೇ ಚೆಲುವಾದ ಬರಹ. ನಡುಮಧ್ಯಾಹ್ನ ಸಾರು ಎಂದು ಡಂಗುರದವನ ಕೈಗೆ ಕೊಟ್ಟ. ಆದರೂ ಮನಸ್ಸು ನಿಲ್ಲಲಿಲ್ಲ. ಕೇಳುವವರ ಮುಖವನ್ನಾದರೂ ನೋಡೋಣ ಎಂದು ತಾನೇ ಮುಂಚಿತವಾಗಿ ಕೇರಿಗೆ ನಡೆದ.

ಕೇರಿಯ ನಡುವೆ ಒಂದು ಬಾವಿ. ನೀರು ತಿಳಿಯಾಗಿತ್ತು. ಕಾಲು ಊದಿಕೊಂಡ ಒಬ್ಬ ಮುದುಕಿ ಬಾವಿಕಟ್ಟೆಯ ಮೇಲೆ ಕೂತು ಕೊಡ ತುಂಬಿಸುತ್ತಿದ್ದಳು.

ಪಂಡಿತ ಅವಳ ನುಡಿಯಲ್ಲೇ ಕೇಳಿದ: “ಅಜ್ಜಿ, ಇಂಥ ಬಾವಿ ಇಟ್ಟುಕೊಂಡು ಆ ಕೆರೆ ನೀರು ಯಾಕೆ ಕುಡೀತೀರಿ?”

“ಕೆರೆ ನೀರಾ? ಯಾರಿಗೆ ಬೇಕು ಸ್ವಾಮಿ ಆ ಪಾಚಿ ನೀರು?”

ಅಷ್ಟರಲ್ಲಿ ಡಂಗುರ ಕೇಳಿಸಿತು. ಆ ಪಟ್ಟಣದಲ್ಲಿ ಒಂದೊಂದು ಬೀದಿಗೂ ಒಂದೊಂದು ಬಡಿತ. ವ್ಯಾಪಾರಿಗಳ ಬೀದಿಗೆ ಒಂದು, ನೇಕಾರರಿಗೆ ಇನ್ನೊಂದು. ಈ ಕೇರಿಗೆ ಮೂರು ಬಡಿತ, ಒಂದು ತಡೆ. ಮತ್ತೆ ಮೂರು ಬಡಿತ, ಒಂದು ತಡೆ.

ಕೇರಿಯಲ್ಲಿ ಯಾರೂ ಕೂಗಲಿಲ್ಲ. ಒಲೆಯ ಮುಂದಿದ್ದವರು ಒಲೆ ಬಿಟ್ಟೆದ್ದರು. ತಾಯಂದಿರು ಕೂಸುಗಳನ್ನು ಎತ್ತಿಕೊಂಡರು. ಮಲಗಿದ್ದವರನ್ನು ಇಬ್ಬಿಬ್ಬರು ಹಿಡಿದೆತ್ತಿದರು. ನೋಡನೋಡುತ್ತಿದ್ದಂತೆ ಕೇರಿ ಬರಿದಾಯಿತು. ಉಳಿದವಳು ಆ ಮುದುಕಿ ಒಬ್ಬಳೇ.

“ನಿಂತೇ ಇದೀರಲ್ಲ! ಓಡಿ ಸ್ವಾಮಿ, ಹಿಡಿಯೋಕೆ ಬಂದ್ರು” ಎಂದಳು.

“ಯಾರು ಬಂದ್ರು?”

“ಆ ಬಡಿತ ಕೇಳಿಸ್ತಿಲ್ವಾ? ನಮ್ಮಪ್ಪನ್ನ ಕೋಟೆ ಕಟ್ಟೋ ಬಿಟ್ಟಿಗೆ ಎಳ್ಕೊಂಡು ಹೋದಾಗ ಇದೇ ಬಡಿತ. ನಮ್ಮಣ್ಣಂದಿರನ್ನ ಒಯ್ದಾಗ್ಲೂ ಇದೇ. ಹೋದೋರು ಒಬ್ರೂ ತಿರುಗಿ ಬರ್ಲಿಲ್ಲ. ಇದು ಕಿವಿಗೆ ಬಿತ್ತು ಅಂದ್ರೆ ನಮ್ಮೋರೆಲ್ಲ ಕೆರೆಯ ಜೊಂಡಿನೊಳಗೆ. ಎರಡು ದಿನ, ಮೂರು ದಿನ ಅಲ್ಲೇ.”

“ಅಲ್ಲಿ ಕುಡಿಯೋಕೆ ಏನು ಮಾಡ್ತಾರೆ?”

ಮುದುಕಿ ಅವನ ಮುಖ ನೋಡಿದಳು. ಕೆರೆಯೊಳಗೆ ಕೂತವರು ಏನು ಕುಡಿಯುತ್ತಾರೆಂದು ಕೇಳುವ ಪಂಡಿತನನ್ನು ಅವಳು ಅದೇ ಮೊದಲು ಕಂಡದ್ದು.

ಪಂಡಿತನಿಗೆ ಈಗ ಅರ್ಥವಾಯಿತು. ಬಿಟ್ಟಿ ಕೆಲಸಕ್ಕೆ ಜನರನ್ನು ಹಿಡಿಯುವುದನ್ನು ಅರಸನ ತಂದೆಯೇ ನಿಲ್ಲಿಸಿದ್ದ. ಬಡಿತವನ್ನು ನಿಲ್ಲಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ತಾನು ಮಾತನ್ನು ತಿದ್ದಿ ತಿದ್ದಿ ಕಳಿಸಿದಷ್ಟು ಸಲ ಈ ಜನ ಕೆರೆಗೆ ಓಡಿದ್ದರು.

ಅವನು ಬೀದಿಯ ತಲೆಗೆ ಓಡಿದ. ಡಂಗುರದವನು ಬರಿದಾದ ಬೀದಿಯ ನಡುವೆ ನಿಂತು, ತೆರೆದ ಬಾಗಿಲುಗಳಿಗೆ ‘ನಮ್ಮ ಮನೆಯ ಮಕ್ಕಳೇ’ ಎಂದು ಮೆತ್ತಗೆ ಹೇಳುತ್ತಿದ್ದ.

“ಎರಡು ಸಲವೂ ಹೀಗೇ ಖಾಲಿ ಬೀದಿಗೇ ಹೇಳಿ ಬಂದೆಯೇನೋ?”

“ಒಂದಕ್ಷರ ಬಿಟ್ಟಿಲ್ಲ ಸ್ವಾಮಿ. ಕೇಳೋರು ಇದಾರಾ ನೋಡು ಅಂತ ನೀವು ಹೇಳಿರಲಿಲ್ಲ.”

ಪಂಡಿತ ಡಂಗುರದ ಕೋಲನ್ನು ಕಿತ್ತುಕೊಂಡು ಮುರಿದ. ಮುದುಕಿ ತುಂಬಿಸಿದ್ದ ಕೊಡವನ್ನು ಹೆಗಲಿಗೇರಿಸಿಕೊಂಡು ಕೆರೆಯತ್ತ ನಡೆದ. ಅರಸ ಹೊದಿಸಿದ ಶಾಲು ಕಂಡರೆ ಜನ ಇನ್ನೂ ಒಳಗೆ ಸರಿದಾರೆಂದು ಅದನ್ನು ಬಾವಿಕಟ್ಟೆಯ ಮೇಲೇ ಬಿಟ್ಟ.

ಜೊಂಡಿನ ಅಂಚಿನಲ್ಲಿ ಒಬ್ಬ ತಾಯಿ ಬೊಗಸೆಯಲ್ಲಿ ನೀರೆತ್ತಿ ಕೂಸಿನ ಬಾಯಿಗೆ ಹಿಡಿಯುತ್ತಿದ್ದಳು. ಜೋರಾಗಿ ಕೂಗಿದರೆ ಅವಳು ಓಡುತ್ತಾಳೆ. ಸುಮ್ಮನಿದ್ದರೆ ಕೂಸು ಕುಡಿಯುತ್ತದೆ. ಪಂಡಿತ ಕೆಸರಿನಲ್ಲಿ ಮೊಣಕಾಲೂರಿ ಕೂತ. ಹನ್ನೊಂದು ವರ್ಷ ಕಲಿತ ನುಡಿಯಲ್ಲಿ ಅವನಿಗೆ ಬಂದದ್ದು ಒಂದೇ ಮಾತು.

“ಬೇಡಮ್ಮ.”

ಅವಳ ಕೈ ನಿಂತಿತು. ಅವನು ಕೊಡದ ನೀರನ್ನು ಮೊದಲು ತಾನು ಕುಡಿದು, ಕೊಡವನ್ನು ಅವಳತ್ತ ಸರಿಸಿ, ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಕೂತ. ಬಹಳ ಹೊತ್ತಿನ ಮೇಲೆ ಅವಳು ಬೊಗಸೆಯ ನೀರು ಚೆಲ್ಲಿ ಕೊಡದ ಹತ್ತಿರ ಬಂದಳು. ಸಂಜೆಯವರೆಗೆ ಅವನು ಬಾವಿಯಿಂದ ಕೆರೆಗೆ ಕೊಡ ಹೊತ್ತ. ಹಿಡಿಯಲು ಬಂದವರಲ್ಲ ಎಂದು ಅವಳೇ ಜೊಂಡಿನೊಳಗಿನವರಿಗೆ ಹೇಳಿ ಕರೆದಳು. ಅವಳ ಮಾತಿಗೆ ಜನ ಹೊರಗೆ ಬಂದರು.

ಅಮಾವಾಸ್ಯೆಯ ದಿನ ಬೆಂಕಿ ಇಡಲು ಬಂದ ಸೈನಿಕರಿಗೆ ಹೊಸದಾಗಿ ಮಲಗಿದವರು ಒಬ್ಬರೂ ಕಾಣಲಿಲ್ಲ. ಹಿಂದಿರುಗಿ ಹೋದರು. ಕೇರಿ ಉಳಿಯಿತು. ಆದರೆ ಮೊದಲೇ ಮಲಗಿದ್ದವರಲ್ಲಿ ಹತ್ತೊಂಬತ್ತು ಮಂದಿ ಏಳಲಿಲ್ಲ. ಅವರನ್ನು ಕೆರೆಗೆ ಓಡಿಸಿದವನು ತಾನು ಎಂಬ ಸಂಕಟ ಪಂಡಿತನನ್ನು ಕೊನೆಯವರೆಗೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯ ಹೇಳಿದ: “ಅವನ ಕತೆ ಸರಿ ಗುರುಗಳೇ. ಆದರೆ ನಾನು ಡಂಗುರ ಹೊಡೆಸುವುದಿಲ್ಲವಲ್ಲ. ನಾನೇ ಖುದ್ದಾಗಿ ಕೇರಿಗೆ ಹೋಗುತ್ತೇನೆ.”

ಗುರುಗಳು ಬಾಗಿಲಾಚೆ ನೋಡಿದರು. ತಳವಾರರು ಮಜ್ಜಿಗೆ ಕುಡಿದು ಮುಗಿಸಿ, ಈಟಿ ಎತ್ತಿಕೊಂಡು ನಿಂತಿದ್ದರು. ಪರ್ವತಯ್ಯನೂ ಅತ್ತ ನೋಡಿದ.

“ಕೇರಿಯೊಳಗೆ ಮೊದಲು ಕಾಲಿಡುವುದು ನೀನೋ, ಅವರೋ?”