ಹೊಸ್ತಿಲಿನ ಅರಿಶಿನ

ಹಳೆಯ ಹೊಸ್ತಿಲಿನ ತುಂಡೊಂದು ಯಾವ ಮರದ್ದೆಂದು ತಿಳಿಯದೆ, ಬಡಗಿ ಸಿದ್ಧಾಚಾರಿ ಅದನ್ನು ಕಡೆದು ನೋಡೋಣವೆಂದು ಮರವನ್ನು ಗರಗರ ತಿರುಗಿಸುವ ಯಂತ್ರಕ್ಕೆ ಸಿಕ್ಕಿಸಿದ.

“ಮೈಯೆಲ್ಲ ಹಳದಿ. ಹಲಸೇ ಸರಿ, ಮೆತ್ತಗಿನ ಮರ,” ಎಂದಿತು ಅವನ ಕೈಯಲ್ಲಿದ್ದ ಉಳಿ.

ತುಂಡಿಗೆ ಸಿಟ್ಟು ಬಂತು. “ಏನಯ್ಯಾ, ಇದು ತಾಯಂದಿರು ದಿನವೂ ಪೂಜೆ ಮಾಡಿ ಹಚ್ಚಿದ ಅರಿಶಿನ, ನನ್ನ ಬಣ್ಣವಲ್ಲ. ಮೊದಲು ತುದಿಯಲ್ಲಿ ಒಂದಿಷ್ಟು ಕೆತ್ತಿ ನೋಡು.”

“ಸಾವಿರ ಮರ ಕಡೆದವನಿಗೆ ನೀನು ಪಾಠ ಹೇಳುತ್ತೀಯಾ?” ಎನ್ನುತ್ತಾ ಉಳಿ ಜೋರಾಗಿ ನುಗ್ಗಿತು. ಅದರ ಬಾಯಿ ಮುಕ್ಕಾಯಿತು. ಅರಿಶಿನದಡಿ ಕಪ್ಪನೆಯ, ಗಟ್ಟಿಯಾದ ಬೀಟೆಮರ ಕಂಡಿತು.

“ಮೋಸಗಾರ! ಹಳದಿ ಬಳಿದುಕೊಂಡು ನನ್ನನ್ನು ಕೆಡಿಸಿದೆ!” ಎಂದು ಉಳಿ ಕೂಗಿತು.

“ಪೂಜೆಯನ್ನು ವೇಷ ಅಂತೀಯಾ? ಬಾಯಿಬಿಟ್ಟು ಹೇಳಿದರೂ ಕೇಳದವನು ನೀನು!”

ಸಿದ್ಧಾಚಾರಿ ಬೀಟೆಯ ಚೂರನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಉಳಿಯನ್ನು ಸಾಣೆಕಲ್ಲಿಗೆ ಹಿಡಿದ.