ವಲ್ಲಿಯ ಕೆಳಗಿನ ಕೈ

"ಅಜ್ಜಾರೇ, ತಪ್ಪು ಯಂತ್ರದ್ದೋ, ಹೆಂಡತಿಯದ್ದೋ?" ಎಂದು ಅಡಿವೆಪ್ಪ ಮಠದ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ನಡೆದುಕೊಳ್ಳುವ ಹಳೆಯ ಶಿಷ್ಯ, ಮೊಮ್ಮಕ್ಕಳನ್ನು ಕಂಡವನು. ಹೊಸದಾಗಿ ಹಾಕಿಸಿಕೊಂಡ ಕಿವಿಯ ಯಂತ್ರವನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡೇ ಬಂದಿದ್ದ. "ಬೀದಿನಾಯಿ ಬೊಗಳಿದ್ದು ಕೇಳುತ್ತದೆ. ಪಕ್ಕದ ಮನೆಯ ಮಿಕ್ಸಿ ನನ್ನ ತಲೆಯೊಳಗೇ ತಿರುಗುತ್ತದೆ. ನಮ್ಮ ಮನೆಯವಳ ಮಾತು ಮಾತ್ರ ಕೇಳುವುದಿಲ್ಲ. ಇದನ್ನು ಕೆರೆಗೆ ಎಸೆದುಬಿಡಲೇ?"

ಯಂತ್ರವನ್ನು ಕಿವಿಗೆ ಹಾಕಿಕೋ ಎಂದು ಗುರುಗಳು ಸನ್ನೆ ಮಾಡಿದರು. ಅವನು ಹಾಕಿಕೊಂಡ ಮೇಲೆ ಹೇಳತೊಡಗಿದರು.

ಒಬ್ಬ ದಲ್ಲಾಳಿಯಿದ್ದ. ದನದ ಸಂತೆಯಲ್ಲಿ ಎತ್ತು ಕೊಡಿಸುವುದು, ಮಾರಿಸುವುದು ಅವನ ಕಸುಬು. ಆ ಕಸುಬಿನಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರು ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಹೆಗಲ ವಲ್ಲಿ ಮುಚ್ಚುತ್ತಾರೆ. ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ಒಪ್ಪಿಗೆಯಾದರೆ ಕೈ ಅದುಮುತ್ತಾರೆ. ಒಪ್ಪದಿದ್ದರೆ ಕೈ ಬಿಡಿಸಿಕೊಳ್ಳುತ್ತಾರೆ. ಆಗ ಬೆಲೆ ಏರಿಸಬೇಕು, ಇಲ್ಲವೇ ಎದ್ದು ಹೋಗಬೇಕು.

ಹೀಗಾಗಿ ವಯಸ್ಸಾದಂತೆ ಅವನ ಕಿವಿ ಮಂದವಾದದ್ದು ಸಂತೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಹೆಂಡತಿಗೆ ಮಾತ್ರ.

ಅವಳು ಏನಾದರೂ ಹೇಳಿದರೆ ಇವನು "ಆಂ?" ಎನ್ನುತ್ತಿದ್ದ. ಮತ್ತೆ ಹೇಳಿದರೆ "ಬಾಯೊಳಗೇ ಏನು ಗೊಣಗುತ್ತೀ?" ಎಂದು ರೇಗುತ್ತಿದ್ದ. ಗಟ್ಟಿಯಾಗಿ ಹೇಳಿದರೆ "ನನ್ನ ಮೇಲೆ ಕಿರುಚುತ್ತೀಯಾ?" ಎನ್ನುತ್ತಿದ್ದ. ಮೆಲ್ಲಗೆ ಆಡಿದರೂ ತಪ್ಪು, ಗಟ್ಟಿಯಾಗಿ ಆಡಿದರೂ ತಪ್ಪು. ಆ ಹೆಣ್ಣುಮಗಳು ಇನ್ನು ಯಾವ ದನಿಯನ್ನು ಎಲ್ಲಿಂದ ತರಬೇಕು?

ಊರಿಗೆ ಕಿವಿ ತಪಾಸಣೆಯ ಶಿಬಿರ ಬಂದಾಗ ಅವಳೇ ಅವನನ್ನು ಎಬ್ಬಿಸಿಕೊಂಡು ಹೋದಳು. ತಪಾಸಣೆ ಮಾಡುವವನು ದಲ್ಲಾಳಿಯನ್ನು ತನ್ನ ಎದುರಿಗೇ ಕೂರಿಸಿಕೊಂಡ. ಕಿವಿಗೆ ಹೆಡ್‌ಫೋನ್ ಹಾಕಿ, "ಎಷ್ಟು ಸಣ್ಣ ಸದ್ದು ಕೇಳಿದರೂ ಬೆರಳೆತ್ತಿ, ಯಜಮಾನರೇ" ಎಂದ. ದಲ್ಲಾಳಿ ಸದ್ದಿಗೆ ಕಾಯಲಿಲ್ಲ. ಜೀವಮಾನವೆಲ್ಲ ಎದುರಿನವನ ಮೈ ನೋಡಿ ಮನಸ್ಸು ತಿಳಿದವನು ಅವನು. ಗುಂಡಿ ಒತ್ತುವಾಗ ಆ ಮನುಷ್ಯನ ಭುಜ ಒಂದಿಷ್ಟು ಅಲುಗುತ್ತಿತ್ತು. ಭುಜ ಅಲುಗಿದಾಗಲೆಲ್ಲ ಇವನು ಬೆರಳೆತ್ತಿದ. ಹೊರಗೆ ಸಾಲು ಬೆಳೆಯುತ್ತಿತ್ತು. ಕಿವಿ ಚೆನ್ನಾಗಿದೆ ಎಂದು ಹೇಳಿ ಕಳಿಸಿಬಿಟ್ಟರು.

ಮೋಸ ಮಾಡಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ, ನೋಡು. ವ್ಯಾಪಾರ ಗೆದ್ದೆ ಅಂದುಕೊಂಡ. ಗೆದ್ದವನು ಸುಮ್ಮನಿರುತ್ತಾನೆಯೇ? ಹೆಂಡತಿಯ ತವರಿನಲ್ಲಿ ಕೂಸಿಗೆ ಹೆಸರಿಡುವ ಕಾರ್ಯವಿತ್ತು. ಪಂಕ್ತಿಯಲ್ಲಿ ಅವಳ ತಮ್ಮಂದಿರ ನಡುವೆ ಕುಳಿತಿದ್ದ. ಅವಳೇ ಬಡಿಸುತ್ತಿದ್ದಳು. "ನನ್ನ ಕಿವಿಯಲ್ಲಿ ಐಬಿಲ್ಲ ಎಂದು ಡಾಕ್ಟರೇ ಹೇಳಿದ. ಐಬು ಇರುವುದು ನಿಮ್ಮ ಅಕ್ಕನ ಬಾಯಲ್ಲಿ. ಇವಳಿಗೆ ಅಂದೇ ಗೊಣಗವ್ವ ಎಂದು ಹೆಸರಿಡಬೇಕಿತ್ತು!" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವಳ ಕೈಯ ಸೌಟು ಅಲ್ಲೇ ನಿಂತಿತು. ಕೂಸಿಗೆ ಇಟ್ಟ ಹೆಸರನ್ನು ಜನ ಮರೆತರು, ಅವಳಿಗೆ ಇಟ್ಟದ್ದನ್ನು ಮರೆಯಲಿಲ್ಲ.

ಅಂದಿನಿಂದ ಅವಳು ಅವನೊಡನೆ ಮಾತು ನಿಲ್ಲಿಸಿದಳು. ತಟ್ಟೆ ಇಟ್ಟರೆ ಊಟ, ಬಕೆಟ್ಟು ಇಟ್ಟರೆ ಸ್ನಾನ. ಮನೆ ಈಗ ತಣ್ಣಗಿದೆ ಎಂದು ದಲ್ಲಾಳಿ ಸಂತೆಯಲ್ಲಿ ಹೇಳಿಕೊಂಡು ತಿರುಗಿದ. ವರ್ಷಗಳು ಹೋದವು.

ಒಮ್ಮೆ ಒಬ್ಬ ರೈತನಿಗೆ ಎತ್ತು ಕೊಡಿಸಿದ. ಹಲ್ಲು ನೋಡಿದ, ಸುಳಿ ನೋಡಿದ, ನಡೆಸಿ ನೋಡಿದ. ಎತ್ತಿಗೆ ಉಬ್ಬಸವಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಮುಂದಿನ ಸಂತೆಗೆ ರೈತ ಆ ಎತ್ತನ್ನು ಹೊಡೆದುಕೊಂಡು ಬಂದು, ಎಲ್ಲರ ಎದುರಿಗೆ ಇವನ ವಲ್ಲಿ ಹಿಡಿದು ಜಗ್ಗಿ, "ಕಿವುಡನಿಗೂ ಕೇಳುವ ಗೊರಗೊರ ನಿನಗೆ ಕೇಳಲಿಲ್ಲವೇನೋ ಮುದುಕಾ?" ಎಂದು ಕೂಗಾಡಿದ.

ಮರುದಿನವೇ ದಲ್ಲಾಳಿ ಪೇಟೆಯ ಆಸ್ಪತ್ರೆಗೆ ಓಡಿದ. ಅಲ್ಲಿ ಕಿವಿ ಪರೀಕ್ಷೆ ಮಾಡುವ ಹೆಂಗಸು ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಗೋಡೆಗೆ ಭುಜವಿರಲಿಲ್ಲ. ಬಹಳ ಹೊತ್ತು ಅವನ ಬೆರಳು ಮೇಲೇಳಲಿಲ್ಲ.

ಎರಡು ಕಿವಿಗೂ ಯಂತ್ರ ಬಂತು. "ಕೇಳುವುದನ್ನು ನೀವು ಮರೆತಿದ್ದೀರಿ. ಈಗಲೇ ಸಂತೆಗೆ ಹೋಗಬೇಡಿ. ಮೊದಲು ಮನೆಯಲ್ಲಿ ಒಬ್ಬರೊಡನೆ ಕುಳಿತು ದಿನಾ ಮಾತಾಡಿ. ಮೆಲ್ಲಗೆ ರೂಢಿಯಾಗುತ್ತದೆ" ಎಂದು ಅವಳು ಹೇಳಿ ಕಳಿಸಿದಳು.

ದಾರಿಯಲ್ಲಿ ಅವನ ಚಪ್ಪಲಿಯೇ ಅವನನ್ನು ಬೆಚ್ಚಿಸಿತು. ರೊಟ್ಟಿ ಅಗಿದರೆ ತಲೆಯೊಳಗೆ ಕಲ್ಲು ಒಡೆದಂತಾಯಿತು. ತನ್ನ ದನಿ ಕೊಡದೊಳಗಿಂದ ಬಂದಂತಿತ್ತು. ಬಾಗಿಲು, ಬಳೆ, ಕಾಗೆ ಎಲ್ಲ ಒಟ್ಟಿಗೇ ಮೈಮೇಲೆ ಬಿದ್ದವು. ಇವುಗಳ ನಡುವೆ ಹಿಡಿದು ನಿಲ್ಲಲು ಒಂದು ದನಿ ಬೇಕಿತ್ತು. ಅದೊಂದೇ ಇರಲಿಲ್ಲ. ಹೆಂಡತಿಯ ಎದುರು ಕುಳಿತು ಕಾದ. ಅವಳು ತಟ್ಟೆ ಇಟ್ಟು ಹೋದಳು.

ಅವನು ಮತ್ತೆ ಪೇಟೆಗೆ ಹೋಗಿ, "ನಿಮ್ಮ ಯಂತ್ರ ಕೆಟ್ಟಿದೆ, ನನ್ನ ಹೆಂಡತಿಯ ದನಿ ಹಿಡಿಯುವುದಿಲ್ಲ" ಎಂದು ಜಗಳ ತೆಗೆದ. "ಅವರು ಏನೆಂದಾಗ ಕೇಳಲಿಲ್ಲ?" ಎಂದು ಆ ಹೆಂಗಸು ಕೇಳಿದಳು. ದಲ್ಲಾಳಿ ವಲ್ಲಿ ಕೊಡವಿಕೊಂಡು ಎದ್ದು ಬಂದ.

ಮನೆಗೆ ಬಂದವನೇ ಗುಡುಗಿದ. "ಕಿವಿಗೆ ಇದನ್ನು ಸಿಕ್ಕಿಸಿಕೊಂಡು ಕುಳಿತಿದ್ದೇನೆ. ಇನ್ನಾದರೂ ಬಾಯಿ ಬಿಡಬಾರದೇ?"

ಅವಳು ಅವನ ಹೆಗಲಿನ ವಲ್ಲಿ ತೆಗೆದಳು. ಅವನ ಕೈ ಹಿಡಿದು ಮೇಲೆ ಮುಚ್ಚಿದಳು. ಅವನ ಬೆರಳು ಆಸೆಯಿಂದ ಅವಳ ಬೆರಳನ್ನು ಹುಡುಕಿತು. ಅವಳು ಕೈ ಬಿಡಿಸಿಕೊಂಡಳು.

ದಲ್ಲಾಳಿಗೆ ಅದನ್ನು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. "ಇನ್ನೇನು ಕೊಡಬೇಕು ನಿನಗೆ?" ಎಂದ.

ಆಗ ಅವಳು ಮಾತಾಡಿದಳು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

"ಎತ್ತಿನ ಉಸಿರು ಕೇಳಲಿಲ್ಲವೆಂದು ಆಸ್ಪತ್ರೆಗೆ ಓಡಿದಿರಿ. ನನ್ನ ಮಾತು ಕೇಳದಿದ್ದಾಗ ನನಗೆ ಹೆಸರಿಟ್ಟಿರಿ. ನನ್ನ ದನಿ ಅಂದು ಹೇಗಿತ್ತೋ ಇಂದೂ ಹಾಗೇ ಇದೆ. ಈಗ ಕೇಳಿಸಿತಲ್ಲ? ಹಾಗಾದರೆ ನನ್ನ ತಮ್ಮಂದಿರ ಪಂಕ್ತಿಯಲ್ಲಿ ಕುಳಿತು, ನಾನು ಬಡಿಸುವಾಗ, ಅಷ್ಟೇ ಗಟ್ಟಿಯಾಗಿ ಹೇಳಿ, ಐಬು ಯಾರದೆಂದು. ಆಮೇಲೆ ಮಾತಾಡೋಣ."

ಒಂದೊಂದು ಅಕ್ಷರವೂ ಅವನಿಗೆ ಕೇಳಿಸಿತು.

ಗುರುಗಳು ಅಲ್ಲಿಗೇ ನಿಲ್ಲಿಸಿದರು.

ಅಡಿವೆಪ್ಪ, "ಆ ದಲ್ಲಾಳಿ ಹೋಗಿ ಹೇಳಿದನೇ, ಅಜ್ಜಾರೇ?" ಎಂದು ಕೇಳಿದ.

"ಅವನ ಸುದ್ದಿ ಬಿಡು ಅಡಿವೆಪ್ಪ, ನಿನ್ನ ಹೆಂಡತಿಗೆ ನೀನು ಇಟ್ಟ ಹೆಸರೇನು?"