ಕತ್ತೆಯ ಬೊಜ್ಜು ಕರಗಿದ್ದು

ಇದನ್ನು ಕತ್ತೆಯೇ ನನಗೆ ಹೇಳಿದ್ದು, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಇಟ್ಟಿಗೆ ಗೂಡಿನ ಮಾಲೀಕ ತನ್ನ ಕತ್ತೆಗಳ ಬೊಜ್ಜು ಕರಗಿಸಲು ಒಂದು ಕೊಕ್ಕರೆಯನ್ನು ನೇಮಿಸಿದ. ಹೊಟ್ಟೆ ಇಳಿಸದ ಕತ್ತೆಯನ್ನು ಸಂತೆಯಲ್ಲಿ ಮಾರುವುದಾಗಿಯೂ ಸಾರಿದ.

ಕೊಕ್ಕರೆ ಒಂಟಿಕಾಲಲ್ಲಿ ನಿಂತು ನಮ್ಮ ಕತ್ತೆಗೆ, "ಹೊತ್ತು ಮುಳುಗಿದ ಮೇಲೆ ತಿನ್ನಬೇಡ. ರಾತ್ರಿ ಚೆನ್ನಾಗಿ ನಿದ್ದೆ ಮಾಡು," ಎಂದಿತು.

"ನನ್ನದು ರಾತ್ರಿ ಪಾಳಿ ಸ್ವಾಮಿ. ಪಾಳಿ ಬದಲಿಸಿ ಕೊಡಿ," ಎಂದಿತು ಕತ್ತೆ.

"ಪಾಳಿ ನನ್ನ ಕೈಲಿಲ್ಲಪ್ಪ. ನಿನ್ನ ಹುಲ್ಲು ಮಾತ್ರ ನನ್ನ ಕೈಲಿದೆ."

ಮಾರಾಟಕ್ಕೆ ಹೆದರಿದ ಕತ್ತೆ ರಾತ್ರಿಯೆಲ್ಲ ಹಸಿದುಕೊಂಡೇ ಇಟ್ಟಿಗೆ ಹೊತ್ತಿತು. ಪಕ್ಕೆಲುಬು ಎದ್ದು ಕಂಡ ದಿನ ಮಾಲೀಕ ಅದರ ಕೊರಳಿಗೆ ಹಾರ ಹಾಕಿದ, ಕೊಕ್ಕರೆಗೆ ಮೀನು ಕೊಟ್ಟ. ಆಮೇಲೆ ಆಳನ್ನು ಕರೆದು ಹೇಳಿದ:

"ನೋಡಯ್ಯ, ಇವನ ಮೈಭಾರ ಎಷ್ಟು ಇಳಿದಿದೆ. ಅಷ್ಟೇ ಭಾರದ ಇಟ್ಟಿಗೆ ಹೆಚ್ಚಿಗೆ ಹೇರು."